ಮ್ಯಾಮೋ ನಾರ್ಮಲ್ ಬಂದಿದೆ, ಆದ್ರೂ ‘ಡೆನ್ಸ್’ ಅಂತ ಬರೆದು ಸೋನೋ ಮಾಡಿಸಿ ಅಂತಿದಾರೆ. ಮಾಡಿಸ್ಬೇಕಾ?

ತುಂಗೆದಡದವಳು (ಶಿವಮೊಗ್ಗ)

ಎಲ್ರಿಗೂ ನಮಸ್ಕಾರ. ನಂಗೆ 46, ಮುಟ್ಟು ಇನ್ನೂ ನಿಂತಿಲ್ಲ. ಹೋದ ವಾರ ಮೊದಲನೇ ಸಲ ಮ್ಯಾಮೋಗ್ರಾಮ್, ಅಂದ್ರೆ ಎದೆ ಎಕ್ಸ್‌ರೇ ಮಾಡಿಸ್ಕೊಂಡೆ. ಗಂಟು ಗಿಂಟು ಏನೂ ಇರ್ಲಿಲ್ಲ, ನಮ್ಮ ದೊಡ್ಡಮ್ಮಂಗೆ 61ನೇ ವಯಸ್ಸಲ್ಲಿ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು, ಆಪರೇಷನ್ ಆಗಿ ಈಗ ಚೆನ್ನಾಗೇ ಇದಾರೆ, ಅವ್ರೇ ಮೂರು ವರ್ಷದಿಂದ ಒಂದ್ಸಲ ತೋರಿಸ್ಕೊಳೇ ಮಾರಾಯ್ತಿ ಅಂತ ಹಿಂದೆ ಬಿದ್ದಿದ್ರು, ಅದಕ್ಕೇ ಹೋದೆ.

ರಿಪೋರ್ಟಲ್ಲಿ ಎರಡೂ ಕಡೆ ಬೈರಾಡ್ಸ್ 1 ಅಂತಿದೆ. ಅದು ನಾರ್ಮಲ್ ಅಂತ ಗೊತ್ತಾಯ್ತು. ಆದ್ರೆ ಅದರ ಮೇಲೆ ‘ಎಸಿಆರ್ ಟೈಪ್ ಸಿ, ಹೆಟೆರೋಜೀನಿಯಸ್ಲಿ ಡೆನ್ಸ್’ ಅಂತಾನೂ, ಕೊನೇ ಸಾಲಲ್ಲಿ ಸೋನೋಮ್ಯಾಮೋಗ್ರಫಿ (ಎದೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್) ಮಾಡಿಸಿದ್ರೆ ಒಳ್ಳೇದು ಅಂತಾನೂ ಬರೆದಿದಾರೆ. ಕೌಂಟರಲ್ಲಿದ್ದ ಹುಡುಗ ‘ಮೇಡಂ ಇನ್ನು 1,400 ಆಗುತ್ತೆ, ಇವತ್ತೇ ಮುಗಿಸ್ಬಿಡಿ’ ಅಂದ. ಆ ಮಾತು ಕೇಳಿ ನಂಗ್ಯಾಕೋ ಅನುಮಾನ ಬಂದು ವಾಪಸ್ ಬಂದ್ಬಿಟ್ಟೆ. ಮನೇಲಿ ಇವರು ಅಂತಾರೆ ನಾರ್ಮಲ್ ಅಂದ್ಮೇಲೆ ಮುಗೀತಲ್ಲ, ಇದೆಲ್ಲ ಸ್ಕ್ಯಾನಿಂಗ್ ಸೆಂಟರಿನೋರು ದುಡ್ಡು ಮಾಡೋ ದಾರಿ ಅಂತ. ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್ ಇನ್ನೊಂದು ಹೇಳ್ತಾರೆ, ಮುಂದಿನ ಸಲದಿಂದ ಬರೀ ಸೋನೋನೇ ಮಾಡಿಸ್ಕೊಳಿ, ಒತ್ತಿ ಹಿಂಸೆ ಮಾಡಲ್ಲ, ರೇಡಿಯೇಶನ್ನೂ ಇಲ್ಲ ಅಂತ.

ಯಾರ ಮಾತು ಕೇಳ್ಲಿ? ಡೆನ್ಸ್ ಅಂದ್ರೆ ಕಾಯಿಲೆನಾ? ಮುಟ್ಟಿ ನೋಡಿದ್ರೆ ನಂಗೇನೂ ಗಟ್ಟಿ ಅನ್ಸಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಕತ್ತಲೆಕೋಣೆ ಡಾಕ್ಟ್ರು (ಮಂಗಳೂರು)

ನಾನು ರೇಡಿಯಾಲಜಿಸ್ಟ್, ಎಕ್ಸ್‌ರೇ ಸ್ಕ್ಯಾನಿಂಗ್ ನೋಡಿ ರಿಪೋರ್ಟ್ ಬರೆಯೋ ಡಾಕ್ಟ್ರು, ದಿನಾ ಬೆಳಗಾದ್ರೆ ಇದೇ ಕೆಲಸ, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಡೆನ್ಸ್ ಅನ್ನೋದು ಕಾಯಿಲೆ ಅಲ್ಲ ಮೇಡಂ. ಎದೆಯೊಳಗೆ ಕೊಬ್ಬು ಇರುತ್ತೆ, ಹಾಲಿನ ಗ್ರಂಥಿ ಮತ್ತೆ ಅದನ್ನ ಹಿಡಿದಿಡೋ ನಾರು ಇರುತ್ತೆ. ಮ್ಯಾಮೋದಲ್ಲಿ ಕೊಬ್ಬು ಕಪ್ಪಗೆ ಬೀಳುತ್ತೆ, ಗ್ರಂಥಿ ನಾರು ಎರಡೂ ಬೆಳ್ಳಗೆ ಬೀಳುತ್ತೆ. ಬಿಳಿ ಜಾಸ್ತಿ ಇದ್ರೆ ಡೆನ್ಸ್ ಅಂತೀವಿ. ಇದು ಕೈಗೆ ಗೊತ್ತಾಗೋ ವಿಷಯಾನೇ ಅಲ್ಲ, ಗಾತ್ರಕ್ಕೂ ಸಂಬಂಧ ಇಲ್ಲ, ಮೆತ್ತಗಿದ್ರೂ ಡೆನ್ಸ್ ಇರಬಹುದು, ಫಿಲ್ಮ್ ನೋಡಿದ್ರೇನೇ ಗೊತ್ತಾಗೋದು. ವಯಸ್ಸಾದ ಹಾಗೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕಮ್ಮಿಯಾಗುತ್ತೆ. ಅಮೆರಿಕದ ಲೆಕ್ಕದಲ್ಲಿ 40 ದಾಟಿದ ಹೆಂಗಸರಲ್ಲಿ ಹತ್ತಿರತ್ತಿರ ಅರ್ಧ ಜನಕ್ಕೆ ಡೆನ್ಸೇ ಇರುತ್ತೆ, ಅಂದ್ಮೇಲೆ ನೀವೇನು ಬೇರೆ ಥರದೋರಲ್ಲ.

ತೊಂದರೆ ಇರೋದು ಎಲ್ಲಿ ಅಂದ್ರೆ, ಕ್ಯಾನ್ಸರ್ ಗಡ್ಡೆನೂ ಬೆಳ್ಳಗೇ ಕಾಣೋದು. ಕಪ್ಪು ಫಿಲ್ಮಲ್ಲಿ 8 ಮಿಲಿಮೀಟರ್ ಗಡ್ಡೆ ಇದ್ರೂ ಕಣ್ಣಿಗೆ ಹೊಡೆಯುತ್ತೆ, ಡೆನ್ಸ್ ಫಿಲ್ಮಲ್ಲಿ ಹುಡುಕೋದು ಮೊಸರನ್ನದಲ್ಲಿ ಕಾಯಿತುರಿ ಹುಡುಕಿದ ಹಾಗೆ. ನಿಮ್ಮ ರಿಪೋರ್ಟಲ್ಲಿರೋ ಎರಡು ಮಾತನ್ನ ಬೇರೆ ಬೇರೆ ಓದ್ಕೊಳಿ. ಬೈರಾಡ್ಸ್ 1 ಅಂದ್ರೆ ಅನುಮಾನ ಪಡೋಂಥದ್ದು ಏನೂ ಕಾಣ್ಲಿಲ್ಲ ಅಂತ. ಟೈಪ್ ಸಿ ಅಂದ್ರೆ ನಮಗೆ ಎಷ್ಟು ಕಾಣೋಕೆ ಸಾಧ್ಯ ಇತ್ತು ಅಂತ, ಎ ಇಂದ ಡಿ ತನಕ ನಾಲ್ಕು ಥರ, ಎ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕೊಬ್ಬು, ಸಿ ಡಿ ಎರಡೂ ಡೆನ್ಸ್. ಸುಮಾರು ಜನ ಬರೀ ಮೊದಲನೇದು ಓದಿ ಫೈಲು ಮುಚ್ಚಿಡ್ತಾರೆ. ಇನ್ನೊಂದು, ಡೆನ್ಸ್ ಇರೋರಿಗೆ ಕ್ಯಾನ್ಸರ್ ಬರೋ ಸಾಧ್ಯತೆನೂ ಉಳಿದೋರಿಗಿಂತ ಸ್ವಲ್ಪ ಜಾಸ್ತಿನೇ, ಇದನ್ನ ಹೆದರಿಸೋಕೆ ಹೇಳ್ತಿಲ್ಲ.

ಸೋನೋದಲ್ಲಿ ಬಿಳಿಯೊಳಗೆ ಬಿಳಿ ಅನ್ನೋ ಸಮಸ್ಯೆ ಇಲ್ಲ. ಗ್ರಂಥಿ ಬೆಳ್ಳಗೆ ಕಂಡ್ರೆ ಗಡ್ಡೆ ಕಪ್ಪಗೆ ಕಾಣುತ್ತೆ. ನೀರುಗುಳ್ಳೆ ಆದ್ರೆ ಅಚ್ಚ ಕಪ್ಪು, ಸುತ್ತ ತೆಳ್ಳಗೆ ಗೆರೆ. ಫೈಬ್ರೋಅಡಿನೋಮ, ಅಂದ್ರೆ ಕ್ಯಾನ್ಸರ್ ಅಲ್ಲದ ಗಂಟು ಆದ್ರೆ ಮೊಟ್ಟೆ ಆಕಾರ, ಅಡ್ಡ ಮಲಗಿದ ಹಾಗೆ, ಅಂಚು ನುಣ್ಣಗೆ. ಅಂಚು ಹರಿದ ಹಾಗಿದ್ದು, ಅಗಲಕ್ಕಿಂತ ಎತ್ತರ ಜಾಸ್ತಿ ಇದ್ದು, ಹಿಂದೆ ನೆರಳು ಬಿದ್ರೆ ನಾವು ಪ್ರೋಬ್ (ಎದೆ ಮೇಲೆ ಆಡಿಸೋ ಸಾಧನ) ಅಲ್ಲೇ ನಿಲ್ಲಿಸಿ ಮತ್ತೆ ಮತ್ತೆ ನೋಡ್ತೀವಿ.

ಹಂಗಂತ ಬರೀ ಸೋನೋ ಸಾಕು ಅನ್ನೋ ನಿಮ್ಮ ಟೀಚರ್ ಮಾತು ಒಪ್ಪಲ್ಲ. ಕೆಲವು ಕ್ಯಾನ್ಸರ್ ಶುರುವಿನಲ್ಲಿ ಗಡ್ಡೆ ರೂಪದಲ್ಲಿ ಇರೋದೇ ಇಲ್ಲ, ಹಾಲಿನ ನಾಳದೊಳಗೆ ರವೆಗಿಂತ ಸಣ್ಣ ಸುಣ್ಣದ ಚುಕ್ಕೆಗಳ ರೂಪದಲ್ಲಿ ಇರುತ್ತೆ. ಅದು ಮ್ಯಾಮೋದಲ್ಲಿ ಚೆನ್ನಾಗಿ ಕಾಣುತ್ತೆ, ಸೋನೋದಲ್ಲಿ ಎಷ್ಟೋ ಸಲ ಕೈಗೇ ಸಿಗಲ್ಲ. ಅದಕ್ಕೇ ಮ್ಯಾಮೋ ಜೊತೆಗೆ ಸೋನೋ, ಮ್ಯಾಮೋ ಬಿಟ್ಟು ಸೋನೋ ಬೇಡ. ರೇಡಿಯೇಶನ್ ಅಂತೀರಲ್ಲ, ಒಂದು ಮ್ಯಾಮೋದಲ್ಲಿ ಬೀಳೋದು ನಾವು ಸುಮ್ನೆ ಮನೇಲಿದ್ರೂ ಏಳು ವಾರದಲ್ಲಿ ಭೂಮಿ ಆಕಾಶದಿಂದ ಬರೋ ಅಷ್ಟೇ.

ದುಡ್ಡು ಮಾಡೋ ದಾರಿನಾ ಅಂದ್ರಿ. ಕೌಂಟರ್ ಹುಡುಗ ಕೇಳಿದ ರೀತಿ ನಂಗೂ ಇಷ್ಟ ಆಗ್ಲಿಲ್ಲ. ಆದ್ರೆ ಆ ಸಾಲು ಬರೆದ ಡಾಕ್ಟ್ರು ತಪ್ಪು ಬರೆದಿಲ್ಲ. ಜಪಾನಲ್ಲಿ 2007ರಿಂದ 2011ರ ತನಕ 40ರಿಂದ 49 ವಯಸ್ಸಿನ ಸುಮಾರು 73,000 ಹೆಂಗಸರನ್ನ ಸೇರಿಸ್ಕೊಂಡು ದೊಡ್ಡ ಪರೀಕ್ಷೆ ಮಾಡಿದ್ರು, ಜೆ-ಸ್ಟಾರ್ಟ್ ಅಂತ ಅದರ ಹೆಸರು. ಅರ್ಧ ಜನಕ್ಕೆ ಬರೀ ಮ್ಯಾಮೋ, ಇನ್ನರ್ಧಕ್ಕೆ ಮ್ಯಾಮೋ ಜೊತೆ ಸೋನೋ. ಬರೀ ಮ್ಯಾಮೋ ಗುಂಪಲ್ಲಿ 117 ಕ್ಯಾನ್ಸರ್ ಸಿಕ್ತು, ಎರಡೂ ಮಾಡಿದ ಗುಂಪಲ್ಲಿ 184. ಇದಕ್ಕಿಂತ ನಂಗೆ ಮುಖ್ಯ ಅನ್ಸೋದು ಇನ್ನೊಂದು ಲೆಕ್ಕ, ನಾರ್ಮಲ್ ಅಂತ ಮನೆಗೆ ಕಳಿಸಿದ ಮೇಲೆ ಮುಂದಿನ ತಪಾಸಣೆಗೆ ಮುಂಚೇನೇ ಕಾಣಿಸ್ಕೊಂಡ ಕ್ಯಾನ್ಸರ್ ಮೊದಲ ಗುಂಪಲ್ಲಿ 35, ಎರಡನೇದ್ರಲ್ಲಿ 18. ನಿಮ್ಮದೂ ಅದೇ ವಯಸ್ಸು, ಮೇಲೆ ಟೈಪ್ ಸಿ. ನನ್ನ ಅಕ್ಕನೇ ಕೇಳಿದ್ರೂ ಒಂದ್ಸಲ ಮಾಡಿಸ್ಕೋ ಅಂತಾನೇ ಹೇಳ್ತಿದ್ದೆ.

ಚಾಮುಂಡಿಪುರಂ (ಮೈಸೂರು)

ಡಾಕ್ಟ್ರು ಹೇಳಿದ್ದು ಎಲ್ಲ ಸರಿ, ಆದ್ರೆ ಇನ್ನೊಂದು ಮುಖಾನೂ ಹೇಳ್ಬೇಕು ಅಂತ ಬರೀತಿದೀನಿ. ನಂಗೆ 49. ಎರಡು ವರ್ಷದ ಹಿಂದೆ ಇದೇ ಥರ ಮ್ಯಾಮೋ ನಾರ್ಮಲ್, ಡೆನ್ಸ್, ಸೋನೋ ಮಾಡಿಸಿ ಅಂದ್ರು, ಮಾಡಿಸ್ದೆ. ಎಡಗಡೆ, ಗಡಿಯಾರದ ಲೆಕ್ಕದಲ್ಲಿ 2 ಗಂಟೆ ಜಾಗದಲ್ಲಿ 9 ಮಿಲಿಮೀಟರ್‌ದು ಏನೋ ಇದೆ, ಅಂಚು ಸರಿಯಿಲ್ಲ, ಬೈರಾಡ್ಸ್ 4ಎ, ಅಂದ್ರೆ ಸ್ವಲ್ಪ ಅನುಮಾನ ಇದೆ ಅಂತ ಬಂತು. ಆಮೇಲೆ ಟ್ರೂಕಟ್ ಬಯಾಪ್ಸಿ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸೋದು. ಮರಗಟ್ಟಿಸಿ ಮಾಡ್ತಾರೆ, ನೋವೇನೂ ಅಷ್ಟಿಲ್ಲ, ಆದ್ರೆ ಆ ಸೂಜಿ ಒಳಗೆ ಹೋದಾಗ ಟಕ್ ಅಂತ ಒಂದು ಶಬ್ದ ಬರುತ್ತೆ, ಐದು ಸಲ ಬಂತು, ಪ್ರತಿ ಸಲನೂ ಡಾಕ್ಟ್ರು ಈಗ ಶಬ್ದ ಬರುತ್ತೆ ಅಮ್ಮ ಅಂತ ಮುಂಚೇನೇ ಹೇಳಿದ್ರೂ ಮೈ ಬೆಚ್ಚಿ ಬೀಳ್ತಿತ್ತು.

ರಿಪೋರ್ಟ್ ಬರೋಕೆ ಒಂಬತ್ತು ದಿನ ಆಯ್ತು. ಆ ಒಂಬತ್ತು ದಿನ ನಾನು ಸಾರಿಗೆ ಉಪ್ಪು ಹಾಕಿದ್ನಾ ಇಲ್ವಾ ಅಂತಾನೂ ನೆನಪಿರ್ತಿರ್ಲಿಲ್ಲ. ಮಗಳ ಪಿಯುಸಿ ಪರೀಕ್ಷೆ ನಡೀತಿತ್ತು, ಅವಳಿಗೆ ಹೇಳಿರ್ಲಿಲ್ಲ, ಅತ್ತೆಗೆ ಹೇಳಿರ್ಲಿಲ್ಲ, ರಾತ್ರಿ ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಕೊನೆಗೆ ಬಂದಿದ್ದು ಫೈಬ್ರೋಅಡಿನೋಮ, ಏನೂ ಅಪಾಯ ಇಲ್ಲ. ದೇವರ ದಯೆ, ಒಪ್ತೀನಿ. ಆದ್ರೆ ಸೋನೋ ಮಾಡಿಸ್ದೇ ಇದ್ದಿದ್ರೆ ಅದು ಅಲ್ಲಿರೋದೇ ಗೊತ್ತಾಗ್ತಿರ್ಲಿಲ್ಲ, ಅದರಿಂದ ಏನೂ ಆಗ್ತಾನೂ ಇರ್ಲಿಲ್ಲ. ಇದನ್ನ ಯಾರೂ ಮೊದ್ಲೇ ಕೂರಿಸ್ಕೊಂಡು ಹೇಳಲ್ಲ.

ಕತ್ತಲೆಕೋಣೆ ಡಾಕ್ಟ್ರು (ಮಂಗಳೂರು)

ಮೈಸೂರಿನ ಮೇಡಂ, ನೀವು ಬರೆದಿದ್ದು ಓದಿ ಮನಸ್ಸಿಗೆ ತಟ್ಟಿತು, ನಾನು ಮೇಲೇನೇ ಹೇಳ್ಬೇಕಿತ್ತು. ಅದೇ ಜಪಾನ್ ಪರೀಕ್ಷೇಲಿ ಕಾಯಿಲೆ ಇಲ್ಲದ ಸಾವಿರ ಜನರಲ್ಲಿ ಬರೀ ಮ್ಯಾಮೋದಿಂದ ಸುಮಾರು 86 ಜನರಿಗೆ ಸುಮ್ನೆ ಅನುಮಾನ ಬಂದು ಮುಂದಿನ ತಪಾಸಣೆಗೆ ಕರೀಬೇಕಾಯ್ತು, ಸೋನೋನೂ ಸೇರಿಸಿದಾಗ ಅದು ಸುಮಾರು 123 ಆಯ್ತು. ಅಮೆರಿಕದಲ್ಲಿ 2008ರಲ್ಲಿ ಬಂದ ಎಕ್ರಿನ್ ಅನ್ನೋ ಪರೀಕ್ಷೆಯ ಫಲಿತಾಂಶದಲ್ಲೂ ಹಾಗೇನೇ, ಡೆನ್ಸ್ ಇದ್ದು ಅಪಾಯ ಜಾಸ್ತಿ ಇದ್ದ ಹೆಂಗಸರಲ್ಲಿ ಸೋನೋ ಸಾವಿರಕ್ಕೆ ನಾಲ್ಕು ಕ್ಯಾನ್ಸರ್ ಹೆಚ್ಚಿಗೆ ಹಿಡೀತು, ಆದ್ರೆ ಸೋನೋ ನೋಡಿ ಬಯಾಪ್ಸಿ ಮಾಡಿ ಅಂದ ನೂರರಲ್ಲಿ ನಿಜವಾಗ್ಲೂ ಕ್ಯಾನ್ಸರ್ ಇದ್ದಿದ್ದು ಒಂಬತ್ತರಲ್ಲಿ ಮಾತ್ರ. ಉಳಿದ ತೊಂಬತ್ತೊಂದು ಜನಾನೂ ನಿಮ್ಮ ಹಾಗೆ ಕಾದಿರ್ತಾರೆ.

ಇನ್ನೊಂದು ವಿಷಯಾನೂ ಮುಚ್ಚಿಡಲ್ಲ. ಸೋನೋ ಸೇರಿಸಿದ್ರೆ ಹೆಚ್ಚು ಕ್ಯಾನ್ಸರ್ ಬೇಗ ಸಿಗುತ್ತೆ ಅನ್ನೋದು ಗಟ್ಟಿ. ಅದರಿಂದ ಸಾವು ಎಷ್ಟು ಕಮ್ಮಿಯಾಗುತ್ತೆ ಅನ್ನೋದಕ್ಕೆ ಅಷ್ಟೇ ಗಟ್ಟಿ ಪುರಾವೆ ಇಲ್ಲ. 2024ರಲ್ಲಿ ಅಮೆರಿಕದ ಸರ್ಕಾರಿ ತಜ್ಞರ ಸಮಿತಿ 40ರಿಂದ 74ರ ತನಕ ಎರಡು ವರ್ಷಕ್ಕೊಮ್ಮೆ ಮ್ಯಾಮೋ ಮಾಡಿಸಿ ಅಂತು, ಡೆನ್ಸ್ ಇರೋರಿಗೆ ಸೋನೋ ಎಂಆರ್‌ಐ ಬೇಕೋ ಬೇಡ್ವೋ ಹೇಳೋಕೆ ಪುರಾವೆ ಸಾಲದು ಅಂತ ಅಲ್ಲಿಗೇ ನಿಲ್ಲಿಸ್ತು. ನಾನು ಮಾಡಿಸಿ ಅಂತೀನಿ, ಅದು ದಿನಾ ಫಿಲ್ಮ್ ನೋಡೋಳ ಅಭಿಪ್ರಾಯ. ಬೇಡ ಅಂತ ತೀರ್ಮಾನ ಮಾಡೋರೂ ಅವಿವೇಕಿಗಳಲ್ಲ.

ಉಣಕಲ್ ಕೆರಿ (ಹುಬ್ಬಳ್ಳಿ)

ಅಕ್ಕಾರ, ನಂದೂ ಒಂದೀಟು ಕೇಳ್ರಿ. ನಮ್ಮ ಅತ್ತಿಗಿಗೆ ಆಗ 44. ಒಂದು ದೊಡ್ಡ ಆಸ್ಪತ್ರಿಯೊಳಗ ಹೆಲ್ತ್ ಚೆಕಪ್ ಪ್ಯಾಕೇಜ್ ಅಂತ ಮ್ಯಾಮೋ ಮಾಡಿಸಿದ್ವಿ, ನಾರ್ಮಲ್ ಅಂದ್ರು, ಖುಷಿಲೆ ಮನಿಗೆ ಬಂದ್ವಿ. ಎಂಟು ತಿಂಗಳಿಗೆ ಜಳಕಾ ಮಾಡೋ ಮುಂದ ಕೈಗೆ ಗಂಟು ಹತ್ತೇತಿ. ಆಕಿ ಯಾರಿಗೂ ಹೇಳಲಿಲ್ಲರಿ. ಮ್ಯಾಮೋ ನಾರ್ಮಲ್ ಐತಲ್ಲ, ಮೊನ್ನೆರ ಮಾಡಿಸೇನಲ್ಲ, ಇದೇನೋ ಹಾಲಿನ ಗಂಟು ಇರಬೇಕು ಅಂತ ಮತ್ತ ಮೂರು ತಿಂಗಳ ಸುಮ್ನ ಕುಂತಳು. ನೋವು ಇರಲಿಲ್ಲ ನೋಡ್ರಿ, ಅದಕ್ಕ ಧೈರ್ಯ. ಡಾಕ್ಟರ್ ಕಡೆ ಹೋಗೋದ್ರಾಗ ಕಂಕುಳಕ್ಕೂ ಹೋಗಿತ್ತು.

ಬೆಂಗಳೂರಿನ ಸರ್ಜನ್ ಹಳೇ ರಿಪೋರ್ಟ್ ತಗದು ನಮ್ಮ ಅಣ್ಣಗ ತೋರಿಸಿದ್ರು. ಅದರಾಗ ಎರಡನೇ ಸಾಲಿನ್ಯಾಗ ಡೆನ್ಸ್, ಟೈಪ್ ಡಿ ಅಂತ ಬರದಿತ್ತು. ನಾವು ಓದಿಲ್ಲ, ಓದಿದ್ರೂ ತಿಳೀತಿರಲಿಲ್ಲ, ಕೊಟ್ಟವರು ಒಂದು ಮಾತೂ ಹೇಳಲಿಲ್ಲ. ಮೊದಲ ಕೀಮೋ, ಆಮ್ಯಾಲ ಆಪರೇಷನ್, ಆಮ್ಯಾಲ ರೇಡಿಯೇಶನ್. ಈಗ ನಾಲ್ಕು ವರ್ಷ ಆತು, ಆರಾಮ ಅದಾಳ, ಮೊನ್ನೆ ಮಗನ ಲಗ್ನದಾಗ ತಾನ ನಿಂತು ಹೋಳಿಗಿ ಮಾಡಿಸಿದ್ಲು. ಆದ್ರ ಆ ಒಂದು ಸಾಲು ಅವತ್ತ ಯಾರರ ಓದಿ ಹೇಳಿದ್ರ ಅಂತ ನಮ್ಮ ಅಣ್ಣ ಇವತ್ತಿಗೂ ಸಂಕಟ ಪಡ್ತಾನ. ನಿಮಗ ಬರದು ಕೊಟ್ಟಾರ, ನೀವು ಓದೀರಿ. ಸುಮ್ನ ಕುಂದ್ರಬ್ಯಾಡ್ರಿ ಅಕ್ಕಾರ.

ಎಡಿಸನ್‌ನಿಂದ (ನ್ಯೂಜೆರ್ಸಿ)

ಉಣಕಲ್ ಅವರೇ, ನಿಮ್ಮ ಅಣ್ಣ ಹೇಳೋ ಆ ಸಂಕಟದಿಂದಾನೇ ಇಲ್ಲಿ ಕಾನೂನು ಬಂದಿದ್ದು. ಕನೆಕ್ಟಿಕಟ್‌ನಲ್ಲಿ ನ್ಯಾನ್ಸಿ ಕ್ಯಾಪೆಲ್ಲೋ ಅಂತ ಒಬ್ರಿದ್ರು, ವರ್ಷ ವರ್ಷ ತಪ್ಪದೆ ಮ್ಯಾಮೋ ಮಾಡಿಸೋರು, ಪ್ರತಿ ಸಲ ನಾರ್ಮಲ್. ನಾರ್ಮಲ್ ರಿಪೋರ್ಟ್ ಬಂದು ಸ್ವಲ್ಪ ದಿನಕ್ಕೇ, 2004ರಲ್ಲಿ, ಮೂರನೇ ಹಂತದ ಕ್ಯಾನ್ಸರ್ ಅಂತ ಗೊತ್ತಾಯ್ತು. ನಿಮಗೆ ಡೆನ್ಸ್ ಇದೆ ಅಂತ ಅಲ್ಲಿ ತನಕ ಅವ್ರಿಗೆ ಯಾರೂ ಹೇಳೇ ಇರ್ಲಿಲ್ಲ, ಡಾಕ್ಟರಿಗೆ ಹೋಗೋ ರಿಪೋರ್ಟಲ್ಲಿ ಮಾತ್ರ ಇರ್ತಿತ್ತು. ಅವ್ರು ಹೋರಾಡಿ ಹೋರಾಡಿ 2009ರಲ್ಲಿ ಆ ರಾಜ್ಯದಲ್ಲಿ ಕಾನೂನು ಮಾಡಿಸಿದ್ರು, ಆಮೇಲೆ ಒಂದೊಂದೇ ರಾಜ್ಯ ಮಾಡ್ತಾ ಬಂತು. ಅವ್ರು 2018ರಲ್ಲಿ ತೀರ್ಕೊಂಡ್ರು. 2024ರ ಸೆಪ್ಟೆಂಬರಿಂದ ಅಮೆರಿಕ ಪೂರ್ತಿ ಮ್ಯಾಮೋ ಮಾಡಿದ ಸೆಂಟರಿನೋರು ಡೆನ್ಸ್ ಇದೆಯೋ ಇಲ್ವೋ ಅಂತ ನೇರ ನಮಗೇ ಕಾಗದ ಬರೀಬೇಕು.

ನಂಗೂ ಆ ಕಾಗದ ಬಂತು. ಆದ್ರೆ ಕಾಗದ ಬರೋದು ಬೇರೆ, ಮುಂದೇನು ಮಾಡ್ಬೇಕು ಅನ್ನೋದು ಬೇರೆ. ಮ್ಯಾಮೋಗೆ ಇನ್ಶೂರೆನ್ಸ್ ಪೂರ್ತಿ ಕೊಡುತ್ತೆ, ಅದರ ಮೇಲಿನ ಸೋನೋಗೆ ಎಷ್ಟು ನಮ್ಮ ಕೈಯಿಂದ ಹೋಗುತ್ತೆ ಅನ್ನೋದು ರಾಜ್ಯ ರಾಜ್ಯಕ್ಕೆ, ಪಾಲಿಸಿ ಪಾಲಿಸಿಗೆ ಬೇರೆ. ನಾನು ಮೂರು ಸಲ ಫೋನ್ ಮಾಡಿ ಕೇಳ್ಕೊಂಡು ಆಮೇಲೆ ಮಾಡಿಸ್ದೆ. ಅಮ್ಮ ಇರೋದು ಹಾಸನದಲ್ಲಿ, ಈ ಥ್ರೆಡ್ ಓದಿ ಅವ್ರ ಹಳೇ ರಿಪೋರ್ಟ್ ಫೋಟೋ ಕಳಿಸು ಅಂತ ಈಗ ತಮ್ಮಂಗೆ ಮೆಸೇಜ್ ಹಾಕ್ದೆ.

ಡಾಕ್ಟ್ರೇ, ಎಂಆರ್‌ಐ ಸೋನೋಗಿಂತ ಒಳ್ಳೇದಂತಲ್ಲ, ಹೌದಾ?

ಕತ್ತಲೆಕೋಣೆ ಡಾಕ್ಟ್ರು (ಮಂಗಳೂರು)

ಹಿಡಿಯೋ ಶಕ್ತಿ ನೋಡಿದ್ರೆ ಹೌದು, ತುಂಬಾ ಮೇಲೆ. 2025ರಲ್ಲಿ ಬ್ರಿಟನ್ನಿನ ಬ್ರೇಡ್ ಪರೀಕ್ಷೆಯ ಫಲಿತಾಂಶ ಬಂತು, ಡೆನ್ಸ್ ಇದ್ದು ಮ್ಯಾಮೋ ನಾರ್ಮಲ್ ಬಂದೋರನ್ನೇ ತಗೊಂಡು ಮಾಡಿದ್ದು. ಯಂತ್ರಾನೇ ಪೂರ್ತಿ ಎದೆ ಸ್ಕ್ಯಾನ್ ಮಾಡೋ ಥರದ ಸೋನೋ ಸಾವಿರಕ್ಕೆ 4 ಚಿಲ್ಲರೆ ಹೆಚ್ಚು ಕ್ಯಾನ್ಸರ್ ಹಿಡೀತು, ಚಿಕ್ಕ ಅವಧಿಯ ಎಂಆರ್‌ಐ 17, ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಮಾಡೋ ಮ್ಯಾಮೋ 19. ಅಂತರ ನೋಡಿ. ಆದ್ರೆ ಎಂಆರ್‌ಐ ದುಬಾರಿ, ರಕ್ತನಾಳಕ್ಕೆ ಇಂಜೆಕ್ಷನ್ ಬೇಕು, ಎದೆ ಎಂಆರ್‌ಐ ಚೆನ್ನಾಗಿ ಓದೋರೂ ನಮ್ಮಲ್ಲಿ ಎಲ್ಲಾ ಊರಲ್ಲಿ ಇಲ್ಲ. ಬಿಆರ್‌ಸಿಎ ಜೀನ್ ದೋಷ ಇರೋರಿಗೆ, ಅಮ್ಮ ಅಕ್ಕ ತಂಗಿಯರಿಗೆ ಚಿಕ್ಕ ವಯಸ್ಸಲ್ಲೇ ಆಗಿ ಅಪಾಯ ತುಂಬಾ ಜಾಸ್ತಿ ಅಂತ ಲೆಕ್ಕ ಬರೋರಿಗೆ ನಾನು ಸೋನೋ ಅಂತ ಕೂರಲ್ಲ, ಎಂಆರ್‌ಐ ಬಗ್ಗೇನೇ ಮಾತಾಡ್ತೀನಿ. ಶಿವಮೊಗ್ಗದ ಮೇಡಮ್ಮಿಗೆ ದೊಡ್ಡಮ್ಮಂಗೆ 61ಕ್ಕೆ ಆಗಿದ್ದು, ಅದೊಂದರಿಂದಲೇ ಅಷ್ಟು ದೂರ ಹೋಗ್ಬೇಕಿಲ್ಲ.

ಸೋನೋ ನಮ್ಮೂರಲ್ಲಿ ಕೈಗೆಟುಕುತ್ತೆ, ಅದೇ ಅದರ ಬಲ. ಆದ್ರೆ ಅದು ಮಾಡೋರ ಕೈಮೇಲೆ ನಿಂತಿರೋ ಪರೀಕ್ಷೆ. ಐದು ನಿಮಿಷದಲ್ಲಿ ಎರಡೂ ಕಡೆ ಮುಗಿಸಿ ಏಳಿ ಅಂದ್ರೆ ಅದು ಸ್ಕ್ರೀನಿಂಗ್ ಅಲ್ಲ. ಕೈ ತಲೆ ಮೇಲೆ ಇಡಿಸಿ, ಒಂದು ಪಕ್ಕಕ್ಕೆ ಸ್ವಲ್ಪ ವಾಲಿಸಿ, ಗಡಿಯಾರದ ಮುಳ್ಳಿನ ಹಾಗೆ ಸುತ್ತ ನೋಡ್ಬೇಕು, ಕಂಕುಳೂ ನೋಡ್ಬೇಕು, ಕಾಲು ಗಂಟೆ ಇಪ್ಪತ್ತು ನಿಮಿಷ ಆಗೇ ಆಗುತ್ತೆ.

ಉಪಕೇಂದ್ರದ ಸಿಸ್ಟರ್ (ಪಾವಗಡ ಕಡೆ)

ನಾನು ನರ್ಸ್. ಇದನ್ನೆಲ್ಲ ಓದ್ತಾ ನಮ್ಮ ಹಳ್ಳಿ ಹೆಂಗಸರು ಕಣ್ಮುಂದೆ ಬಂದ್ರು. ನಮ್ಮಲ್ಲಿ ಮ್ಯಾಮೋಗೆ ಹೋಗ್ಬೇಕು ಅಂದ್ರೆ ಒಂದು ದಿನದ ಕೂಲಿ ಬಿಟ್ಟು ಎರಡು ಬಸ್ಸು ಹತ್ತಬೇಕು. 30 ದಾಟಿದೋರಿಗೆ ನಾವೇ ಕೈಯಲ್ಲಿ ತಪಾಸಣೆ ಮಾಡ್ತೀವಿ, ಸರ್ಕಾರದ ಕಾರ್ಯಕ್ರಮದಲ್ಲಿ ಅದೇ ಇರೋದು. ಅದು ಸುಮ್ನೆ ಅಂತ ತಿಳ್ಕೋಬೇಡಿ. ಮುಂಬಯಿಯಲ್ಲಿ ಒಂದೂವರೆ ಲಕ್ಷ ಹೆಂಗಸರನ್ನ ಇಪ್ಪತ್ತು ವರ್ಷ ಹಿಂಬಾಲಿಸಿ ನೋಡಿದಾರೆ, ತರಬೇತಿ ಕೊಟ್ಟ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ನೋಡಿದ್ದಕ್ಕೇ ಕಾಯಿಲೆ ಬೇಗನೇ ಸಿಕ್ತು, 50 ದಾಟಿದೋರಲ್ಲಿ ಸಾವು ಸುಮಾರು ನೂರಕ್ಕೆ ಮೂವತ್ತು ಕಮ್ಮಿ ಆಯ್ತು, 2021ರಲ್ಲಿ ಫಲಿತಾಂಶ ಬಂತು. 50ರೊಳಗಿನೋರಲ್ಲಿ ಆ ಲಾಭ ಕಾಣ್ಲಿಲ್ಲ, ಅದೂ ನಿಜ.

ಡಾಕ್ಟ್ರೇ ನಂದೊಂದು ಪ್ರಶ್ನೆ, ಹೋದ ತಿಂಗಳು ಇಲ್ಲೊಂದು ಕ್ಯಾಂಪಲ್ಲಿ ಮೈ ಶಾಖದ ಫೋಟೋ ತೆಗೆದು ನಿಮಗೇನಿಲ್ಲ ಮ್ಯಾಮೋ ಬೇಡ ಅಂತ ಹೇಳಿ ಕಳಿಸಿದ್ರು. ನಂಬಬಹುದಾ?

ಕತ್ತಲೆಕೋಣೆ ಡಾಕ್ಟ್ರು (ಮಂಗಳೂರು)

ಬೇಡ ಸಿಸ್ಟರ್. ಥರ್ಮಲ್ ಫೋಟೋ ಮ್ಯಾಮೋ ಬದಲಿಗೆ ಆಗಲ್ಲ, ಔಷಧಿ, ವೈದ್ಯಕೀಯ ಯಂತ್ರಗಳನ್ನ ನೋಡ್ಕೊಳೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನ ಖಡಾಖಂಡಿತವಾಗಿ ಎಚ್ಚರಿಸಿದೆ. ಆ ಹೆಂಗಸರನ್ನ ನೀವೇ ಒಂದ್ಸಲ ಕೈಯಲ್ಲಿ ನೋಡ್ಬಿಡಿ.

ತುಂಗೆದಡದವಳು (ಶಿವಮೊಗ್ಗ)

ಎಲ್ರಿಗೂ ಕೈಮುಗಿದು ಥ್ಯಾಂಕ್ಸ್. ಇವತ್ತು ಸೋನೋ ಮಾಡಿಸ್ಕೊಂಡು ಬಂದೆ. ಮುಟ್ಟು ಮುಗಿದ ವಾರದಲ್ಲಿ ಹೋದ್ರೆ ನೋವು ಕಮ್ಮಿ ಅಂತ ಗೆಳತಿ ಹೇಳಿದ್ಲು, ಹಾಗೇ ಹೋದೆ. ಅದೇ ಸೆಂಟರಿಗೆ ಹೋಗ್ಲಿಲ್ಲ, ಲೇಡಿ ಡಾಕ್ಟ್ರೇ ನೋಡ್ತಾರಾ ಅಂತ ಮೊದ್ಲೇ ಕೇಳ್ಕೊಂಡು ಬೇರೆ ಕಡೆ ಹೋದೆ. ಹೊರಗೆ ಬೆಂಚಲ್ಲಿ ನನ್ನ ಬಿಟ್ಟು ಎಲ್ಲಾ ಬಸುರಿಯರೇ, ಎದುರು ಗೋಡೆ ಮೇಲೆ ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ ಅನ್ನೋ ಬೋರ್ಡು, ಪಕ್ಕದಲ್ಲಿ ಕೂತಿದ್ದ ಹುಡುಗಿ ಆಂಟಿ ನಿಮಗೆ ಎಷ್ಟು ತಿಂಗಳು ಅಂತ ಕೇಳ್ಬಿಟ್ಲು ಪಾಪ. ನಾನು ಎದೆ ಸ್ಕ್ಯಾನಿಂಗಮ್ಮ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು ನಮ್ಮಮ್ಮಂಗೂ ಮಾಡಿಸ್ಬೇಕು ಆಂಟಿ, ಎಷ್ಟಾಗುತ್ತೆ ಅಂತ ಕೇಳಿದ್ಲು.

ಡಾಕ್ಟ್ರು ನಿಧಾನಕ್ಕೆ ನೋಡಿದ್ರು, ಜೆಲ್ ಚಳಿ ಆಗ್ತಿತ್ತು, ಬಲಗಡೆ ಒಂದು ಕಡೆ ನಿಲ್ಲಿಸಿದಾಗ ನನ್ನ ಎದೆ ಬಡಿತ ಅವ್ರಿಗೇ ಕೇಳಿಸಿರ್ಬೇಕು. ಸ್ಕ್ರೀನ್ ನನ್ನ ಕಡೆ ತಿರುಗಿಸಿ ತೋರಿಸಿದ್ರು, ಪುಟ್ಟ ಕಪ್ಪು ಗುಂಡಗೆ, 6 ಮಿಲಿಮೀಟರ್ ನೀರುಗುಳ್ಳೆ, ಏನೂ ಮಾಡ್ಬೇಕಿಲ್ಲ ಅಂದ್ರು. ಬೈರಾಡ್ಸ್ 2. ಮೈಸೂರಿನ ಮೇಡಂ, ಅಲ್ಲಿ ಮಲಗಿದ್ದಾಗ ನಿಮ್ಮ ಒಂಬತ್ತು ದಿನ ನೆನಪಾಯ್ತು. ನಂಗೆ ನಾಲ್ಕು ನಿಮಿಷಕ್ಕೇ ಬಾಯಿ ಒಣಗಿ ಹೋಗಿತ್ತು.

ದೊಡ್ಡಮ್ಮಂಗೆ ಫೋನ್ ಮಾಡಿ ಹೇಳ್ದೆ. ಸರಿ, ಈಗ ನಿನ್ನ ತಂಗೀನ ಕಳಿಸು ಅಂದ್ರು. ಅವಳಿಗೆ 41, ಭದ್ರಾವತಿಲಿದಾಳೆ, ಮುಂದಿನ ತಿಂಗಳು ಕರ್ಕೊಂಡು ಹೋಗ್ತೀನಿ. ಡಾಕ್ಟ್ರೇ, ಅವಳಿಗೆ ಏನಾದ್ರೂ ಹೇಳ್ಬೇಕಾ? ಮತ್ತೆ ನನ್ನ ಈ ಫಿಲ್ಮ್‌ಗಳನ್ನ ಇಟ್ಕೋಬೇಕಾ ಬಿಸಾಕ್ಬಹುದಾ?

ಕತ್ತಲೆಕೋಣೆ ಡಾಕ್ಟ್ರು (ಮಂಗಳೂರು)

ಒಳ್ಳೇ ಸುದ್ದಿ ಮೇಡಂ! ತಂಗಿಗೆ ಮೊದಲು ಮ್ಯಾಮೋ ಮಾಡಿಸಿ, ಸೋನೋ ಬೇಕಾ ಅಂತ ಅದನ್ನ ನೋಡಿ ತೀರ್ಮಾನ. ಆ ದಿನ ಕಂಕುಳಿಗೆ ಪೌಡರ್, ಸೆಂಟು, ಡಿಯೋಡರೆಂಟ್ ಹಾಕ್ಕೊಂಡು ಬರೋದು ಬೇಡ, ಫಿಲ್ಮಲ್ಲಿ ಚುಕ್ಕೆ ಚುಕ್ಕೆ ಬಿದ್ದು ನಮಗೆ ಸುಣ್ಣದ ಕಣದ ಹಾಗೆ ಕಾಣುತ್ತೆ. ಸೀರೆಗಿಂತ ಚೂಡಿದಾರ್ ಅನುಕೂಲ, ಮೇಲಿನದಷ್ಟೇ ತೆಗೆದ್ರೆ ಸಾಕು. ಫಿಲ್ಮ್ ಬಿಸಾಕಬೇಡಿ, ಸಿಡಿ ಕೊಟ್ಟಿದ್ರೆ ಅದನ್ನೂ ಇಡಿ, ಮುಂದಿನ ಸಲ ಹೋಗುವಾಗ ಎರಡೂ ರಿಪೋರ್ಟ್ ಸಮೇತ ತಗೊಂಡು ಹೋಗಿ. ಹಳೇದು ಪಕ್ಕದಲ್ಲಿದ್ರೆ ಹೊಸದಾಗಿ ಏನು ಬಂದಿದೆ ಅಂತ ಹೇಳೋದು ನಮಗೆ ಎಷ್ಟೋ ಸುಲಭ. ಮತ್ತೆ ನಡುವೆ ಗಂಟು ಸಿಕ್ಕಿದ್ರೆ, ಚರ್ಮ ಒಳಗೆಳೆದ ಹಾಗೆ ಕಂಡ್ರೆ, ತೊಟ್ಟಿಂದ ರಕ್ತ ಬಂದ್ರೆ ಮುಂದಿನ ವರ್ಷದ ತಾರೀಕು ಕಾಯ್ಬೇಡಿ, ಅದೇ ವಾರ ಹೋಗಿ.